ನಮ್ಮ ಯೋಜನೆಯಲ್ಲಿ ಮಳೆಗಾಲ ಎಲ್ಲಿದೆ?

ಗೆ,
ಕೊಡಗು ಜಿಲ್ಲೆಯ ಸರ್ಕಾರಿ ಶಾಲೆಗಳಿಗೆ ಯೋಜನೆ ತಯಾರಿಸುವ ಅಧಿಕಾರಿಗಳಿಗೆ ಮತ್ತು ಅದಕ್ಕೆ ಒಪ್ಪಿಗೆ ಕೊಡುವ ಜನಪ್ರತಿನಿಧಿಗಳಿಗೆ

ವಿಷಯ: ಶಾಲೆಗಳ ಕಂಪ್ಯೂಟರ್ ಯೋಜನೆಗೂ ದೇಶದ ಶಿಕ್ಷಣ ಗುರಿಗಳಿಗೂ ಇರುವ ಅಂತರದ ಬಗ್ಗೆ.

ಮಾನ್ಯರೇ,

ಇದನ್ನು ಬಹಿರಂಗವಾಗಿ ಬರೆಯುವ ಆಸೆ ನನಗಿರಲಿಲ್ಲ. ಮೂರು ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೂ ಸೀಲು ಹಾಕಿದ ಸ್ವೀಕೃತಿ ಸಿಕ್ಕಿದೆ, ಉತ್ತರ ಮಾತ್ರ ಬಂದಿಲ್ಲ.

ನಾನು ಮಡಿಕೇರಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಮೊದಲು ನೋಟಿಸ್ ಬರುವುದು ನಮ್ಮ ಹೆಡ್‌ಮಿಸ್‌ಗೆ. ಇದರಲ್ಲಿ ಅವರ ತಪ್ಪು ಏನೂ ಇಲ್ಲ. ನಮಗೆ ಎರಡೂವರೆ ಎಕರೆ ಕಾಫಿ ತೋಟ ಇದೆ. ಮಗಳು 7ನೇ ಕ್ಲಾಸು, ಮಗ 4ನೇ ಕ್ಲಾಸು, ಇಬ್ಬರೂ ಇದೇ ಶಾಲೆ. ಮದುವೆಗೆ ಮುಂಚೆ ನಾನು ಮೈಸೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾಲ್ಕು ವರ್ಷ ಕಲಿಸುತ್ತಿದ್ದೆ. ಹಾಗಾಗಿ ಸಿಪಿಯು ಬಿಚ್ಚುವುದಕ್ಕೆ ನನಗೆ ಹೆದರಿಕೆ ಇಲ್ಲ. ಈ ಪತ್ರಕ್ಕೆ ಕಾರಣವೂ ಹಾಗೆ ಬಿಚ್ಚಿದ ಒಂದು ಸಿಪಿಯುವೇ.

ಎರಡು ವರ್ಷದ ಹಿಂದೆ, ಜೂನ್ ಮೂರನೇ ವಾರ, ನಮ್ಮ ಶಾಲೆಗೆ ಐದು ಕಂಪ್ಯೂಟರ್, ಒಂದು ಪ್ರೊಜೆಕ್ಟರ್, ಒಂದು ಯುಪಿಎಸ್ ಬಂದವು. ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಪಿಕಪ್ ಶಾಲೆವರೆಗೆ ಹತ್ತಲಿಲ್ಲ, ಕೆಳಗಿನ ತಿರುವಿನಲ್ಲೇ ನಿಲ್ಲಿಸಿದರು. ನಾವು ಐದಾರು ಜನ ಕಾಫಿ ಒಣಗಿಸುವ ಟಾರ್ಪಾಲು ಹೊದಿಸಿ ಪೆಟ್ಟಿಗೆಗಳನ್ನು ಹೊತ್ತು ತಂದೆವು. ಮಕ್ಕಳು ಜಗಲಿಯಲ್ಲಿ ನಿಂತು ಚಪ್ಪಾಳೆ ಹೊಡೆದರು. ತಂದವರು ಫೋಟೊ ತೆಗೆದರು, ಹೆಡ್‌ಮಿಸ್ ಹತ್ತಿರ ಎರಡು ಕಡೆ ಸಹಿ ಹಾಕಿಸಿಕೊಂಡರು, ಹೊರಟರು. ಜೋಡಿಸಿಕೊಡುವವರು ಬಂದದ್ದು ಸೆಪ್ಟೆಂಬರ್‌ನಲ್ಲಿ, ನಮ್ಮ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ.

ಅಲ್ಲಿವರೆಗೆ ಪೆಟ್ಟಿಗೆಗಳು ಬಿಸಿಯೂಟದ ಅಕ್ಕಿ ಚೀಲದ ಪಕ್ಕದ ಕೋಣೆಯಲ್ಲಿದ್ದವು. ನಮ್ಮ ಕಡೆ ಆ ಮೂರು ತಿಂಗಳು ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಗೋಡೆ ಬೆವರುತ್ತದೆ. ಬಟ್ಟೆ ಒಣಗಿಸಲು ಒಲೆ ಮೇಲೆ ಹಗ್ಗ ಕಟ್ಟಬೇಕು. ಪೆಟ್ಟಿಗೆ ತೆರೆದಾಗ ಐದರಲ್ಲಿ ಎರಡು ಆನ್ ಆಗಲೇ ಇಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಮೊದಲ ಮಳೆಯ ಸಿಡಿಲಿಗೆ ಯುಪಿಎಸ್ ಸುಟ್ಟಿತು, ಅದರ ಜೊತೆ ಇನ್ನೂ ಎರಡು ಹೋದವು. ಶಾಲೆಗೆ ಅರ್ಥಿಂಗೇ ಇರಲಿಲ್ಲ. ಅದನ್ನು ಯಾರೂ ನೋಡಿರಲಿಲ್ಲ. ನಾನು ಒಂದನ್ನು ಬಿಚ್ಚಿ ನೋಡಿದೆ. ಒಳಗೆ ಕರೆಂಟ್ ಒದಗಿಸುವ ಭಾಗ, ಎಸ್‌ಎಂಪಿಎಸ್, ಹೋಗಿತ್ತು, ಬೋರ್ಡಿನ ಸ್ಕ್ರೂಗಳೆಲ್ಲ ತುಕ್ಕು ಹಿಡಿದಿದ್ದವು. ಒದಗಿಸಿದವರಿಗೆ ಫೋನ್ ಮಾಡಿದರೆ ಮೈಸೂರಿಗೆ ತನ್ನಿ ಅಂದರು. ಸರ್ಕಾರಿ ಸ್ವತ್ತು, ಹೊರಗೆ ಒಯ್ಯಬೇಕಾದರೆ ಅನುಮತಿ ಬೇಕು. ಅನುಮತಿಗೆ ಬರೆದ ಪತ್ರವೇ ನನ್ನ ಮೊದಲ ಅರ್ಜಿ.

ಈಗ ನಡೆಯುತ್ತಿರುವುದು ಒಂದು ಕಂಪ್ಯೂಟರ್. ಅದರಲ್ಲಿ ಮಕ್ಕಳು ಕೂರುವುದಿಲ್ಲ, ಟೀಚರ್ ಕೂರುತ್ತಾರೆ. ಮಾಹಿತಿ ಅಪ್‌ಲೋಡ್ ಮಾಡುವುದಕ್ಕೆ. ಕೋಣೆಗೆ ಬೀಗ. ಹೆಡ್‌ಮಿಸ್ ಮೇಲೆ ಕೋಪ ಮಾಡಿಕೊಳ್ಳುವಂತಿಲ್ಲ. ಎಲ್ಲ ಸಾಮಾನೂ ಅವರ ಚಾರ್ಜ್ ಲಿಸ್ಟಿನಲ್ಲಿದೆ, ಕಳೆದರೆ ಕೈಯಿಂದ ಕಟ್ಟಬೇಕು. ಪ್ರತಿ ವರ್ಷ ಶಾಲೆಯ ಅಂಕಿಅಂಶ ತುಂಬುವ ಯೂಡೈಸ್ ಫಾರಂನಲ್ಲಿ ಒಟ್ಟು ಎಷ್ಟು, ಕೆಲಸ ಮಾಡುವುದು ಎಷ್ಟು ಅಂತ ಬೇರೆ ಬೇರೆ ಕೇಳುತ್ತಾರೆ. ನಮ್ಮವರು 5 ಮತ್ತು 1 ಅಂತ ಪ್ರಾಮಾಣಿಕವಾಗಿ ತುಂಬಿದ್ದಾರೆ. ಆಮೇಲೆ ಮೀಟಿಂಗ್ ಒಂದರಲ್ಲಿ ತೋರಿಸಿದ ಪಟ್ಟಿಯಲ್ಲಿ ನಮ್ಮದು 'ಕಂಪ್ಯೂಟರ್ ಸೌಲಭ್ಯ ಇರುವ ಶಾಲೆ'. ಒಂದೂ ಸುಳ್ಳು ಹೇಳದೆ ಸುಳ್ಳು ಚಿತ್ರ ಬರೆಯುವುದು ಅಂದರೆ ಇದೇ ಅಲ್ವಾ?

ಇದೆಲ್ಲ ಒಂದು ಶಾಲೆಯ ಕಥೆ, ಯೋಜನೆಯ ತಪ್ಪು ಹೇಗೆ ಅಂತ ನೀವು ಕೇಳಬಹುದು. ನನಗೂ ಅದೇ ಪ್ರಶ್ನೆ ಬಂತು. ಅದಕ್ಕೇ ದೇಶದ ಮಟ್ಟದಲ್ಲಿ ಬರೆದಿಟ್ಟಿರುವ ಗುರಿ ಏನು ಅಂತ ಕೂತು ಓದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ತಂತ್ರಜ್ಞಾನಕ್ಕೆ ಎರಡು ಅಧ್ಯಾಯ ಇವೆ, 23 ಮತ್ತು 24. ಎರಡನೆಯದರ ಶೀರ್ಷಿಕೆಯಲ್ಲೇ ತಂತ್ರಜ್ಞಾನ ಎಲ್ಲರಿಗೂ ಸಮಾನವಾಗಿ ಸಿಗಬೇಕು ಅನ್ನುವ ಮಾತಿದೆ. ಇಂಟರ್ನೆಟ್ ಸರಿಯಾಗಿ ಸಿಗದ ಜನ ಇನ್ನೂ ತುಂಬ ಇದ್ದಾರೆ, ಅವರಿಗಾಗಿ ಟಿವಿ, ರೇಡಿಯೊ, ಸಮುದಾಯ ರೇಡಿಯೊ ಬಳಸಿ ಅಂತ ಅಲ್ಲಿ ನೇರವಾಗಿ ಬರೆದಿದ್ದಾರೆ. ಶಿಕ್ಷಕರ ತರಬೇತಿ ಬಗ್ಗೆ ಇದೆ. ಭಾಷೆಯ ತೊಡಕು ನಿವಾರಿಸುವುದರ ಬಗ್ಗೆ ಇದೆ. ಅಂಗವಿಕಲ ಮಕ್ಕಳ ಬಗ್ಗೆ ಇದೆ. ಬರೀ ಪೆಟ್ಟಿಗೆ ಹಂಚಿ ಅಂತ ಎಲ್ಲೂ ಇಲ್ಲ.

ರಾಜ್ಯ ಸರ್ಕಾರ ಆ ನೀತಿ ಬೇಡ ಅಂದಿದೆ, ಅದರ ಜೊತೆ ಯಾಕೆ ಹೋಲಿಸುತ್ತೀರಿ ಅಂತ ಪಕ್ಕದ ಮನೆ ಅಣ್ಣ ಕೇಳಿದರು. ನ್ಯಾಯವಾದ ಪ್ರಶ್ನೆ. ರಾಜ್ಯ 2023ರಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ತನ್ನದೇ ಶಿಕ್ಷಣ ನೀತಿ ಆಯೋಗ ಮಾಡಿತು, 2025ರ ಆಗಸ್ಟ್‌ನಲ್ಲಿ ಅದರ ವರದಿಯೂ ಬಂತು. ದೆಹಲಿ-ಬೆಂಗಳೂರಿನ ವಾದ ಅವರು ನೋಡಿಕೊಳ್ಳಲಿ. ಆದರೆ ನಮ್ಮ ಶಾಲೆಗಳಿಗೆ ಬರುವ 'ಸಮಗ್ರ ಶಿಕ್ಷಣ' ಅನ್ನುವ ಕೇಂದ್ರ-ರಾಜ್ಯ ಯೋಜನೆಯ ದುಡ್ಡಿನಲ್ಲಿ ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ದುಡ್ಡು ತೆಗೆದುಕೊಳ್ಳುವಾಗ ಯಾವ ಗುರಿ ತೋರಿಸಿ ತೆಗೆದುಕೊಂಡೆವೋ, ಲೆಕ್ಕವನ್ನೂ ಅದೇ ಗುರಿಗೆ ಕೊಡಬೇಕು. ಅಷ್ಟಕ್ಕೂ, ಮಳೆಗಾಲದಲ್ಲಿ ಕಂಪ್ಯೂಟರ್ ನಡೆಯಬೇಕು ಅನ್ನುವುದಕ್ಕೆ ಯಾವ ಪಕ್ಷದ ವಿರೋಧವೂ ಇರಲಾರದು.

ಆ ದುಡ್ಡಿನ ಲೆಕ್ಕ ಸ್ವಲ್ಪ ನೋಡೋಣ. ಸಮಗ್ರ ಶಿಕ್ಷಣದಲ್ಲಿ 6ರಿಂದ 12ನೇ ತರಗತಿವರೆಗಿನ ಶಾಲೆಗೆ ಕಂಪ್ಯೂಟರ್ ಲ್ಯಾಬ್ ಮಾಡಲು ಒಂದು ಸಲಕ್ಕೆ 6.40 ಲಕ್ಷ ರೂಪಾಯಿವರೆಗೆ ಕೊಡಬಹುದು. ಅದರ ಜೊತೆ ನಡೆಸುವ ಖರ್ಚಿಗೆ ವರ್ಷಕ್ಕೆ 2.40 ಲಕ್ಷದವರೆಗೆ, ಐದು ವರ್ಷ. ಕೂಡಿಸಿ ನೋಡಿ. ನಡೆಸುವ ಖರ್ಚು ಐದು ವರ್ಷಕ್ಕೆ 12 ಲಕ್ಷ, ಸಾಮಾನಿನ ಸುಮಾರು ಎರಡರಷ್ಟು. ಯೋಜನೆ ಬರೆದವರಿಗೆ ಗೊತ್ತಿತ್ತು, ಕೊಳ್ಳುವುದು ಸುಲಭ, ನಡೆಸುವುದು ಕಷ್ಟ ಅಂತ. ಕಾಫಿ ಬೆಳೆಯುವ ನಮಗೂ ಅದು ಗೊತ್ತು. ಗಿಡ ನೆಟ್ಟ ಖರ್ಚು ಯಾರೂ ಲೆಕ್ಕ ಇಡುವುದಿಲ್ಲ, ಕಪಾತು, ಗೊಬ್ಬರ, ಕಳೆ, ಆಳು ಇವೇ ತಿನ್ನುವುದು. ಆದರೆ ಊರಿಗೆ ಬಂದು ತಲುಪುವಾಗ ಸಾಮಾನು ಕಾಣುತ್ತದೆ, ನಡೆಸುವ ಖರ್ಚು ಕಾಣುವುದಿಲ್ಲ. ಸಮಗ್ರ ಶಿಕ್ಷಣದ್ದಾಗಲಿ, ಬೇರೆ ಯಾವುದೇ ಬಾಬಿನದ್ದಾಗಲಿ, ದಾನಿಗಳು ಕೊಟ್ಟದ್ದಾಗಲಿ, ಒಂದು ಕಂಪ್ಯೂಟರ್ ಶಾಲೆಗೆ ಬಂದರೆ ಅದರ ಹಿಂದೆ ರಿಪೇರಿ ದುಡ್ಡು, ರಿಪೇರಿ ಮಾಡುವ ಮನುಷ್ಯ ಇಬ್ಬರೂ ಬರಬೇಕು.

ಇನ್ನೊಂದು ಅಳತೆಗೋಲು ಕೇಂದ್ರ ಶಿಕ್ಷಣ ಸಚಿವಾಲಯದ್ದೇ. ಜಿಲ್ಲೆಗಳಿಗೆ ಅಂಕ ಕೊಡುವ ಸೂಚ್ಯಂಕ ಒಂದಿದೆ, ಪಿಜಿಐ-ಡಿ ಅನ್ನುತ್ತಾರೆ. ಒಟ್ಟು 600 ಅಂಕ. ಅದರಲ್ಲಿ ಡಿಜಿಟಲ್ ಕಲಿಕೆಗೆ 50. ಮಕ್ಕಳ ಕಲಿಕೆಯ ಫಲಿತಾಂಶ ಇರುವ ಭಾಗಕ್ಕೆ 290. ತರಗತಿಯಲ್ಲಿ ಪಾಠ ಹೇಗೆ ನಡೆಯುತ್ತದೆ ಅನ್ನುವುದಕ್ಕೆ 90. ದೇಶ ಜಿಲ್ಲೆಯಿಂದ ಮೊದಲು ಕೇಳುತ್ತಿರುವುದು ಮಗು ಏನು ಕಲಿತಿತು ಅಂತ. ಸಣ್ಣ ಮಕ್ಕಳ ಓದು-ಲೆಕ್ಕಕ್ಕಾಗಿ ಕೇಂದ್ರ ನಡೆಸುವ ನಿಪುಣ್ ಭಾರತ್ ಕಾರ್ಯಕ್ರಮದ ಗುರಿಯೂ ಅದೇ, 2026-27ರೊಳಗೆ 3ನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಸರಳ ಲೆಕ್ಕ ಬರಬೇಕು. ಹಾಗಾದರೆ ಜಿಲ್ಲೆಯ ತಂತ್ರಜ್ಞಾನ ಯೋಜನೆಯ ಮೊದಲ ಸಾಲು ಹೀಗಿರಬೇಕಿತ್ತು: ನಮ್ಮ ಎಷ್ಟು ಮಕ್ಕಳಿಗೆ ಓದಲು ಬರುವುದಿಲ್ಲ, ಅವರಿಗೆ ಈ ಯಂತ್ರ ಯಾವ ಸಹಾಯ ಮಾಡುತ್ತದೆ? ನಾನು ಶಾಲೆಯಲ್ಲಿ ನೋಡಿದ ಯಾವ ಸುತ್ತೋಲೆಯಲ್ಲೂ ಈ ಪ್ರಶ್ನೆ ಇರಲಿಲ್ಲ. ಎಷ್ಟು ಬಂದಿದೆ, ಯಾವ ಕಂಪನಿ, ಸೀರಿಯಲ್ ನಂಬರ್ ಏನು, ಇಷ್ಟೇ.

ಈಗ ಮಳೆ ವಿಷಯಕ್ಕೆ ಬರುತ್ತೇನೆ. ನನ್ನ ಮುಖ್ಯ ದೂರು ಇದೇ.

ಕೊಡಗಿನಲ್ಲಿ ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಒಟ್ಟಿಗೆ. ಜುಲೈ, ಆಗಸ್ಟ್‌ನಲ್ಲಿ ಮಳೆ ರಜೆ ಎಷ್ಟು ಬರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಆದೇಶ ಬರುವುದು ಮಡಿಕೇರಿಯಿಂದಲೇ. 2018ರ ಆಗಸ್ಟ್ ನೆನಪಿದೆ. ಗುಡ್ಡ ಜಾರಿ ಊರುಗಳೇ ಹೋದವು, ಶಾಲೆಗಳು ನಿರಾಶ್ರಿತರ ಕೇಂದ್ರಗಳಾದವು. 2019, 2020ರಲ್ಲೂ ಮಳೆ ಬಿಡಲಿಲ್ಲ. ಅಂಥ ವರ್ಷ ಬಿಡಿ, ಸಾಧಾರಣ ವರ್ಷದಲ್ಲೂ ಒಂದು ಮರ ಲೈನ್ ಮೇಲೆ ಬಿದ್ದರೆ ಮೂರು ದಿನ ಕರೆಂಟ್ ಇಲ್ಲ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ ಬ್ಯಾಟರಿಯೂ ಮುಗಿಯುತ್ತದೆ. ಆಮೇಲೆ ಫೋನ್ ಬರೀ ಟಾರ್ಚು. ಮಕ್ಕಳು ಮನೆಯಲ್ಲೇ ಇರುವ, ದೂರದಿಂದ ಪಾಠ ಮಾಡುವ ತಂತ್ರಜ್ಞಾನ ನಿಜವಾಗಿ ಬೇಕಾಗುವ ದಿನಗಳು ಇವು. ಅದೇ ದಿನಗಳಲ್ಲಿ ಅದು ಸತ್ತಿರುತ್ತದೆ. ಕರೆಂಟ್ ಬಿಲ್ ಈಗ ನಮ್ಮ ತಲೆನೋವಲ್ಲ. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಉಚಿತ ಅಂತ ಮುಖ್ಯಮಂತ್ರಿ ಘೋಷಿಸಿದರು, ಸಂತೋಷ. ಆದರೆ ಉಚಿತವಾಗಿ ಬರಬೇಕಾದರೂ ಮೊದಲು ಬರಬೇಕಲ್ಲ.

ಸೋಲಾರ್ ಹಾಕಿ ಅಂತ ಸುಮ್ನೆ ಹೇಳುವವರಿದ್ದಾರೆ. ಬಯಲು ಸೀಮೆಗೆ ಒಳ್ಳೆಯ ಸಲಹೆ. ನಮ್ಮಲ್ಲಿ ಜುಲೈಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಮಂಜು, ಪ್ಯಾನಲ್ ಮೇಲೆ ಪಾಚಿ. ಅಕ್ಟೋಬರ್‌ನಿಂದ ಮೇವರೆಗೆ ಸೋಲಾರ್ ಚೆನ್ನಾಗಿ ನಡೆಯುತ್ತದೆ, ಖಂಡಿತ ಹಾಕಿ. ಮಳೆಗಾಲಕ್ಕೆ ಮಾತ್ರ ಬೇರೆ ದಾರಿ ಬೇಕು. ಡೆಸ್ಕ್‌ಟಾಪ್ ಬದಲು ಲ್ಯಾಪ್‌ಟಾಪೋ ಟ್ಯಾಬೋ ಕೊಟ್ಟಿದ್ದರೆ ಕರೆಂಟ್ ಬಂದ ಎರಡು ಗಂಟೆಯಲ್ಲಿ ಚಾರ್ಜ್ ಮಾಡಿಕೊಂಡು ಮರುದಿನ ಪಾಠ ಮಾಡಬಹುದಿತ್ತು. ಮಳೆಗಾಲದ ಮೂರು ತಿಂಗಳು ಬೆಚ್ಚಗಿನ ಬೀರುವಿನಲ್ಲಿ, ಒಂದು ಬಲ್ಬ್ ಉರಿಸಿ ಇಡಬಹುದಿತ್ತು. ನಮ್ಮ ಅತ್ತೆ ಹಳೆ ರೇಷ್ಮೆ ಸೀರೆ ಕಾಪಾಡುವುದೂ ಹಾಗೇ. ಇಂಥ ಸಣ್ಣ ಮಾತು ಹೇಳಲು ನಮ್ಮನ್ನು ಒಂದು ಸಲ ಕೇಳಿದ್ದರೆ ಸಾಕಿತ್ತು.

ಮತ್ತೆ ರೇಡಿಯೊ. ಮಡಿಕೇರಿಯಲ್ಲಿ ಆಕಾಶವಾಣಿ ಕೇಂದ್ರವೇ ಇದೆ. ಕರೆಂಟ್ ಹೋದ ದಿನ ಎರಡು ಸೆಲ್ಲು ಹಾಕಿದ ರೇಡಿಯೊ ಒಂದೇ ನಮ್ಮ ಮನೆಯಲ್ಲಿ ಮಾತಾಡುವುದು. ಕೀಪ್ಯಾಡ್ ಫೋನಿನಲ್ಲೂ ಎಫ್‌ಎಂ ಬರುತ್ತದೆ. ಮಳೆ ರಜೆಯ ದಿನ ಬೆಳಿಗ್ಗೆ ಅರ್ಧ ಗಂಟೆ, ನಮ್ಮ ಜಿಲ್ಲೆಯ ಶಿಕ್ಷಕರೇ ಮಾಡುವ ಪಾಠ, ಒಂದು ಕಥೆ, ನಾಲ್ಕು ಬಾಯಿಲೆಕ್ಕ. ಮೊದಲೇ ರೆಕಾರ್ಡ್ ಮಾಡಿ ಇಟ್ಟುಕೊಂಡರೆ ರಜೆ ಘೋಷಣೆ ಆದ ದಿನ ಹಾಕಬಹುದು. ಕೊರೋನಾ ವರ್ಷ ಚಂದನ ವಾಹಿನಿಯಲ್ಲಿ ಪಾಠ ಬಂದಾಗ ನಮ್ಮೂರಿನ ಮಕ್ಕಳು ಒಂದೇ ಟಿವಿ ಮುಂದೆ ಹತ್ತು ಜನ ಕೂತು ನೋಡಿದರು. ದೊಡ್ಡ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಛತ್ರಿ ಹಿಡಿದು ಗುಡ್ಡದ ಮೇಲೆ ಕೂತಿದ್ದೂ ನನ್ನ ಕಣ್ಣಾರೆ ಕಂಡದ್ದು, ಇಂಬಳ ಕಚ್ಚಿಸಿಕೊಂಡು ಬರುತ್ತಿದ್ದರು. ರಾಷ್ಟ್ರೀಯ ನೀತಿ ರೇಡಿಯೊ ಬಳಸಿ ಅಂತ ಬಾಯಿಬಿಟ್ಟು ಹೇಳಿದೆ. ರೇಡಿಯೊ ಕೇಂದ್ರ ಕಣ್ಣೆದುರಿಗೇ ಇದೆ. ಇಷ್ಟಕ್ಕೆ ಯಾವ ಟೆಂಡರೂ ಬೇಕಾಗಿಲ್ಲ.

2025ರ ಕೇಂದ್ರ ಬಜೆಟ್‌ನಲ್ಲಿ ಹಳ್ಳಿಗಳ ಎಲ್ಲ ಸರ್ಕಾರಿ ಪ್ರೌಢಶಾಲೆಗಳಿಗೂ ಹಳ್ಳಿಗೆ ಇಂಟರ್ನೆಟ್ ತಲುಪಿಸುವ ಭಾರತ್‌ನೆಟ್ ಯೋಜನೆ ಮೂಲಕ ಬ್ರಾಡ್‌ಬ್ಯಾಂಡ್ ಕೊಡುತ್ತೇವೆ ಅಂದರು. ಒಳ್ಳೆಯದೇ. ಆದರೆ ಕೊಡಗಿನ ಲೆಕ್ಕ ಬೇರೆ. 2011ರ ಜನಗಣತಿ ಪ್ರಕಾರ ನಮ್ಮಲ್ಲಿ ಚದರ ಕಿಲೋಮೀಟರಿಗೆ 135 ಜನ, ರಾಜ್ಯದ ಸರಾಸರಿ 319. ಮನೆಗಳು ತೋಟಕ್ಕೊಂದು, ಗುಡ್ಡಕ್ಕೊಂದು. ಶಾಲೆಗಳೂ ಹಾಗೇ, ಚಿಕ್ಕವು, ಚದುರಿದವು. ಪ್ರೌಢಶಾಲೆಗೆ ಮಾತ್ರ ಲೈನ್ ಬಂದರೆ, ಓದು ಕಲಿಯಬೇಕಾದ ಸಣ್ಣ ಮಕ್ಕಳ ಶಾಲೆ ಮತ್ತೆ ಗುಡ್ಡದ ಆಚೆಗೇ ಉಳಿಯುತ್ತದೆ. ಸರ್ಕಾರದ ದೀಕ್ಷಾ ಆ್ಯಪ್‌ನ ಪಾಠಗಳನ್ನು ಇಳಿಸಿಟ್ಟುಕೊಂಡು ಇಂಟರ್ನೆಟ್ ಇಲ್ಲದೆಯೂ ನೋಡಬಹುದು. ನೆಟ್‌ವರ್ಕ್ ಇರುವ ಕಡೆ ಇಳಿಸಿ, ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮೀಟಿಂಗಿಗೆ ಬಂದ ಶಿಕ್ಷಕರ ಕೈಗೆ ತುಂಬಿಸಿ ಕಳಿಸಿದರೆ ಮುಗಿಯಿತು. ಇದನ್ನು ಯಾರೂ ಹೇಳಿಕೊಡದೆ ನಮ್ಮ ಟೀಚರ್ ಒಬ್ಬರು ತಮ್ಮ ಸ್ವಂತ ಫೋನಿನಲ್ಲೇ ಮಾಡುತ್ತಿದ್ದಾರೆ, ಸ್ವಂತ ಡೇಟಾದಲ್ಲಿ.

ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ. ಅದನ್ನು ಸ್ಕ್ಯಾನ್ ಮಾಡಲು ಫೋನ್ ಬೇಕು. ನಮ್ಮ ಶಾಲೆಯ ಅರ್ಧದಷ್ಟು ಮಕ್ಕಳು ಲೈನ್ ಮನೆಗಳಿಂದ, ಅಂದರೆ ತೋಟದ ಕಾರ್ಮಿಕರ ಸಾಲು ಮನೆಗಳಿಂದ ಬರುವವರು. ಅಪ್ಪ ಅಮ್ಮ ಬೆಳಿಗ್ಗೆ ತೋಟಕ್ಕೆ ಹೋದರೆ ಬರುವುದು ಸಂಜೆ, ಫೋನೂ ಅವರ ಜೊತೆಗೇ ಹೋಗುತ್ತದೆ. ಕಾಫಿ ಕೊಯ್ಲು ಬಂದರೆ ಕೆಲವು ಮಕ್ಕಳೂ ಹಿಂದೆಯೇ ಹೋಗುತ್ತಾರೆ. ಎರವ ಬುಡಕಟ್ಟಿನ ಮಕ್ಕಳಿದ್ದಾರೆ, ಅಸ್ಸಾಂನಿಂದ ಬಂದ ಕುಟುಂಬದ ಇಬ್ಬರಿದ್ದಾರೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲ ಒಂದೇ ಬೆಂಚಿನಲ್ಲಿ ಕೂತಿರುತ್ತವೆ. ಭಾಷೆಯ ತೊಡಕು ನಿವಾರಿಸುವುದು ದೇಶದ ಗುರಿ ಆದರೆ ಅದನ್ನು ಪರೀಕ್ಷೆ ಮಾಡಲು ಕೊಡಗಿಗಿಂತ ಒಳ್ಳೆಯ ಜಾಗ ಎಲ್ಲಿದೆ? ಮೊದಲ ಆರು ತಿಂಗಳು ಮಗು ತನ್ನ ಮನೆಮಾತಿನಲ್ಲಿ ಕೇಳುವ ನಾಲ್ಕು ಕಥೆ ರೆಕಾರ್ಡ್ ಮಾಡಿದರೆ ಸಾಕು. ಅದಕ್ಕೆ ಬೇಕಾದ ಯಂತ್ರ ಎಲ್ಲರ ಜೇಬಿನಲ್ಲೂ ಇದೆ.

ನಮ್ಮ ಶಾಲೆಗಳಲ್ಲಿ ನಾನು ಕಂಡ ಅತ್ಯುತ್ತಮ ತಂತ್ರಜ್ಞಾನ ಯಾವುದು ಗೊತ್ತೇ? ಸಣ್ಣ ತರಗತಿಯ ಮಕ್ಕಳು ಆಡುತ್ತಾ ಕಲಿಯುವ ನಲಿಕಲಿ ಕಾರ್ಡು. 1995ರಲ್ಲಿ ಪಕ್ಕದ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಅದನ್ನು ಬೆಳೆಸಿದವರು ಶಿಕ್ಷಕರು. ಒಂದೇ ಕೋಣೆಯಲ್ಲಿ ಮೂರು ಕ್ಲಾಸಿನ ಮಕ್ಕಳು, ಒಬ್ಬರೇ ಟೀಚರ್, ಅವರಿಗೆ ಏನು ಬೇಕು ಅಂತ ನೋಡಿ ಮಾಡಿದ್ದು. ಕರೆಂಟ್ ಬೇಡ. ತಪ್ಪುಗಳಿವೆ, ಬೈಯುವವರೂ ಇದ್ದಾರೆ. ಆದರೆ ಅದು ತರಗತಿಯಿಂದ ಮೇಲಕ್ಕೆ ಹೋದ ಯೋಜನೆ.

ಕಾನೂನು ಕೂಡ ಹಾಗೇ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಓದಿ. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವ ಕೆಲಸ ಪೋಷಕರು ಇರುವ ಶಾಲಾ ಸಮಿತಿಯದ್ದು. ಸರ್ಕಾರ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರ ಆಗಬೇಕು. ನಾನು ಎಸ್‌ಡಿಎಂಸಿಗೆ ಬಂದು ಮೂರು ವರ್ಷ. ನಮ್ಮ ಶಾಲೆಯ ಯೋಜನೆ ಅಂತ ಒಂದು ಹಾಳೆಗೆ ನಾವು ಸಹಿ ಹಾಕಿದ್ದೇವೆ, ಅದು ಅಚ್ಚಾಗಿಯೇ ಬಂದಿತ್ತು. ಕಂಪ್ಯೂಟರ್ ಬೇಕೇ, ಎಷ್ಟು, ಯಾವಾಗ ಕಳಿಸಲಿ ಅಂತ ಯಾರೂ ಕೇಳಿರಲಿಲ್ಲ. ನಾವೂ ಕೇಳದೆ ಸಹಿ ಹಾಕಿದೆವು, ಆ ತಪ್ಪು ನಮ್ಮದು.

ಹಾಗಾಗಿ ಕೇಳುತ್ತಿದ್ದೇನೆ. ಮುಂದಿನ ವರ್ಷದ ಜಿಲ್ಲಾ ಯೋಜನೆ ಕಳಿಸುವ ಮುಂಚೆ ಪ್ರತಿ ಶಾಲೆಯ ಎಸ್‌ಡಿಎಂಸಿ ಜೊತೆ ಕೂತು ಮಾತಾಡಿ, ಬರೀ ಸಹಿಗೆ ಹಾಳೆ ಕಳಿಸಬೇಡಿ. ಯಾವ ಶಾಲೆಯಲ್ಲಿ ಎಷ್ಟು ಕಂಪ್ಯೂಟರ್ ಇದೆ, ಎಷ್ಟು ನಡೆಯುತ್ತಿದೆ, ವಾರಕ್ಕೆ ಎಷ್ಟು ಗಂಟೆ ಮಕ್ಕಳು ಮುಟ್ಟುತ್ತಾರೆ ಅನ್ನುವ ಪಟ್ಟಿಯನ್ನು ಕನ್ನಡದಲ್ಲಿ ಗ್ರಾಮ ಪಂಚಾಯಿತಿ ಬೋರ್ಡಿಗೆ ಹಾಕಿ. ಮೂರನೆಯ ಕಾಲಂ ತುಂಬುವುದು ಕಷ್ಟ, ಅದಕ್ಕೇ ಅದು ಬೇಕು. ಸಾಮಾನು ಕಳಿಸುವುದಿದ್ದರೆ ಅಕ್ಟೋಬರ್ ಮೇಲೆ ಕಳಿಸಿ, ಕಳಿಸುವ ಮುಂಚೆ ಅರ್ಥಿಂಗ್ ನೋಡಿಸಿ. ಕೂಡಿಗೆ ಡಯಟ್‌ನ (ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ) ತರಬೇತಿ ಸಾಮಾನು ಬರುವುದಕ್ಕಿಂತ ಮುಂಚೆ ಆಗಲಿ, ಹುತ್ತರಿ ಹಬ್ಬದ ರಜೆಯ ಆಸುಪಾಸು ಮಾತ್ರ ಇಡಬೇಡಿ, ಯಾರೂ ಬರುವುದಿಲ್ಲ. ಎರಡು ಮೂರು ಕ್ಲಸ್ಟರಿಗೆ ಒಬ್ಬ ರಿಪೇರಿ ಹುಡುಗನನ್ನು ಇಡಿ, ಅವನ ಬೈಕಿಗೆ ಪೆಟ್ರೋಲು, ಬ್ಯಾಗಿನಲ್ಲಿ ನಾಲ್ಕು ಎಸ್‌ಎಂಪಿಎಸ್ಸು, ಸ್ಥಳದಲ್ಲೇ ಸರಿ ಮಾಡುವ ಅನುಮತಿ ಕೊಡಿ. ಮಕ್ಕಳು ಬಳಸುವಾಗ ಹಾಳಾದರೆ ಹೆಡ್‌ಮಾಸ್ಟರರ ಸಂಬಳಕ್ಕೆ ಕೈ ಹಾಕುವುದಿಲ್ಲ ಅಂತ ಒಂದು ಸಾಲು ಬರೆದುಕೊಡಿ. ಆ ಒಂದು ಸಾಲಿಗೆ ಎಷ್ಟೋ ಬೀಗ ತೆರೆಯುತ್ತವೆ. ಮಳೆ ರಜೆಯ ರೇಡಿಯೊ ಪಾಠದ ಬಗ್ಗೆ ಆಕಾಶವಾಣಿಯವರ ಜೊತೆ ಒಮ್ಮೆ ಕೂತು ಮಾತಾಡಿ. ಇದಕ್ಕೆ ಸ್ಕ್ರಿಪ್ಟ್ ಬರೆದುಕೊಡಲು ಇಬ್ಬರು ಟೀಚರ್ ಈಗಲೇ ಒಪ್ಪಿದ್ದಾರೆ, ನಾನೂ ಇದ್ದೇನೆ.

ನಮ್ಮ ಶಾಲೆ ನೋಡಬೇಕು ಅನ್ನಿಸಿದರೆ ಜನವರಿಯಲ್ಲಿ ಬರಬೇಡಿ. ಆಗ ಎಲ್ಲವೂ ಚೆಂದ, ಕಾಫಿ ಕೊಯ್ಲು, ಬಿಸಿಲು, ರಸ್ತೆಯೂ ಪರವಾಗಿಲ್ಲ. ಜುಲೈ ಮೂರನೇ ವಾರ ಬನ್ನಿ, ಮುಂಚೆ ಹೇಳಬೇಡಿ. ಕೆಳಗಿನ ತಿರುವಿನಲ್ಲಿ ಜೀಪ್ ನಿಲ್ಲಿಸಿ ಹತ್ತಿಕೊಂಡು ಬರಬೇಕು. ಗಂಬೂಟು ನಮ್ಮ ಮನೆಯಲ್ಲಿ ಮೂರು ಜೊತೆ ಇವೆ. ಕಂಪ್ಯೂಟರ್ ಕೋಣೆಯ ಬೀಗದ ಕೈ ಹೆಡ್‌ಮಿಸ್ ಟೇಬಲ್ಲಿನ ಎಡಗಡೆ ಡ್ರಾಯರ್‌ನಲ್ಲಿ ಇರುತ್ತದೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಎಸ್‌ಡಿಎಂಸಿ ಸದಸ್ಯೆ
ಮಡಿಕೇರಿ ತಾಲ್ಲೂಕು